ಎಡದಿಂದ ಮೂರನೆಯ ಚುಕ್ಕೆ

ಗ್ರಿಮ್ಸ್‌ಬಿಯಲ್ಲಿ ನವೆಂಬರ್, ನಾಲ್ಕೂವರೆಗೇ ಕತ್ತಲು.
ಸಂಜೆ ತರಗತಿಗೆ ಬಂದವರು ಒಂಬತ್ತು ಜನ.
ಹೀಟರಿನ ಪಕ್ಕದ ಕುರ್ಚಿಗೆ ಸಣ್ಣದೊಂದು ಜಗಳ,
ಅದು ಮುಗಿದ ಮೇಲೆ ನಾನು ದೀಪ ಆರಿಸಿದೆ.

ಗೋಡೆಯ ಮೇಲೆ ಹಳೆಯ ಫ್ಯಾಷನ್ ಮ್ಯಾಗಜೀನಿನ ಪುಟ,
ಎಪ್ಪತ್ತೆಂಟರ ಚಳಿಗಾಲದ ಸಂಚಿಕೆ:
ಹಳದಿ ಕೋಟಿನ ಹುಡುಗಿ, ಹಿಂದೆ ಇದೇ ಊರಿನ ಮೀನಿನ ಧಕ್ಕೆ.
ಚೆನ್ನಾಗಿದೆಯೇ ಅಂತ ಕೇಳುತ್ತಿಲ್ಲ, ಅಂದೆ,
ಹೇಗೆ ಮಾಡಿದ್ದಾರೆ, ಅದನ್ನು ಹೇಳಿ.

'ಮೊಣಕಾಲೂರಿ ತೆಗೆದದ್ದು,' ಅಂದ ಕೀರನ್,
ಮದುವೆ ಫೋಟೋದಲ್ಲಿ ಹೊಟ್ಟೆ ಹೊರೆಯುವವನು.
ಹೌದು, ಅದಕ್ಕೇ ಅವಳು ಕ್ರೇನಿಗಿಂತ ಎತ್ತರ.
'ನಡುವೆ ನಿಲ್ಲಿಸಿಲ್ಲ, ಬಲಕ್ಕೆ ಸರಿಸಿದ್ದಾರೆ.'
ಹೌದು, ಎಡಗಡೆ ಸಮುದ್ರಕ್ಕೆ ಬಿಟ್ಟ ಜಾಗ.
'ಹಾಡಿನ ವಿಡಿಯೋ ಆಗಿದ್ದರೆ,' ಹಿಂದಿನ ಸಾಲಿನಿಂದ ಯಾರೋ,
'ಅವಳು ರೆಪ್ಪೆ ಬಡಿಯುವುದರೊಳಗೆ ಮೂರು ಕಟ್.'
ಇರಬಹುದು. ಆದರೆ ಇಲ್ಲಿ ಕಣ್ಣು ಕೂರಲೇಬೇಕು, ಬೇರೆ ದಾರಿಯಿಲ್ಲ.

ಹದಿನೈದು ವರ್ಷದಿಂದ ಇದೇ ಪುಟ, ನನಗಿದು ಬಾಯಿಪಾಠ.
ಲೆನ್ಸಿನ ಬಾಯಿ ಪೂರ್ತಿ ತೆರೆದಿದೆ, ಅಂದೆ,
ಹಾಗಾಗಿ ಮುಂದಿನದಷ್ಟೇ ಚೂಪು, ಹಿಂದಿನದೆಲ್ಲ ಮಂಜು.
ಆ ಬಿಳಿ ಚುಕ್ಕೆಗಳು ಏನಾದರೂ ಆಗಿರಬಹುದು,
ಅವುಗಳ ಕೆಲಸ
ಹಳದಿಯನ್ನು ಇನ್ನಷ್ಟು ಹಳದಿ ಮಾಡುವುದು.

'ಎಡದಿಂದ ಮೂರನೆಯ ಚುಕ್ಕೆ ನಾನು.'

ಡೋರೀನ್ ಬೋರಿಲ್. ಮನೆಗಿಂತ ಇಲ್ಲಿ ಬೆಚ್ಚಗಿರುತ್ತದೆ
ಅಂತ ಅರ್ಜಿಯಲ್ಲೇ ಬರೆದು ಸೇರಿದವಳು.
ಇಷ್ಟು ವಾರದಲ್ಲಿ ಆಡಿದ್ದು ಇದೇ ಮೊದಲ ಮಾತು.
ಎದ್ದು ಗೋಡೆಯ ಹತ್ತಿರ ಹೋದಳು.
ಮಾಡೆಲಿನ ಮುಖ ಇವಳ ಬೆನ್ನ ಮೇಲೆ ಬಿತ್ತು,
ಹಳದಿ ಕೋಟು ಇವಳ ಬೂದು ಸ್ವೆಟರಿನ ಮೇಲೆ.
ಬೆರಳಿಟ್ಟು ತೋರಿಸಿದಳು:
'ಇದು ನಾನು. ಇದು ವಿನ್ನಿ ಓಡ್ಲಿಂಗ್, ಈಗಿಲ್ಲ.
ಇದು ಮನುಷ್ಯರಲ್ಲ, ಬಕೆಟ್ಟು.

ನನಗಾಗ ಹತ್ತೊಂಬತ್ತು. ಮೀನು ಸೀಳುವ ಮೇಜು,
ಬೆರಳು ಮರಗಟ್ಟಿ, ಚಾಕು ಕೈಯಲ್ಲಿದೆಯೋ ಇಲ್ಲವೋ
ಬಗ್ಗಿ ನೋಡಿಯೇ ತಿಳಿಯಬೇಕು.
"ಸ್ವಲ್ಪ ಕೆಲಸ ಮಾಡುವ ಹಾಗೆ ಮಾಡಿ" ಅಂದ
ಲಂಡನ್ನಿನಿಂದ ಬಂದವನು,
ಕೆಲಸ ಮಾಡುತ್ತಿದ್ದ ನಮಗೆ.'

ನನ್ನ ಬಾಯಿಗೆ ಅಷ್ಟರಲ್ಲಿ ದೊಡ್ಡ ಮಾತೊಂದು ಬಂದು ನಿಂತಿತ್ತು,
ಅಂಚಿಗೆ ಸರಿದವರು, ಫೋಕಸ್ ತಪ್ಪಿದ ದುಡಿಮೆ, ಇತ್ಯಾದಿ.
ಅವಳು ತಿರುಗಲೂ ಇಲ್ಲ.

'ಆ ಕೋಟು ಅವಳ ಅಳತೆಯದಲ್ಲ, ಎರಡು ಸೈಜು ದೊಡ್ಡದು.
ಮುಂದಿನಿಂದ ನಿಮಗೆ ಕಾಣುವುದು ಸೊಂಟ.
ಹಿಂದಿನಿಂದ ನಮಗೆ ಕಂಡದ್ದು ಬಟ್ಟೆ ಕ್ಲಿಪ್ಪು,
ಬೆನ್ನುದ್ದಕ್ಕೂ ಏಳು, ಕಾಡ್ ಮೀನಿನ ಮುಳ್ಳಿನ ಹಾಗೆ.
ಪಾಪ, ಅವಳು ಜೋರಾಗಿ ಉಸಿರೆಳೆದರೆ
ಒಂದು ಪಟ್ಟೆಂದು ಹಾರಿ ಮೀನಿನ ಪೆಟ್ಟಿಗೆಗೆ ಬೀಳುವುದು,
ಆ ಲಂಡನ್ನಿನವನು ಮತ್ತೆ ಮೊದಲಿನಿಂದ ಎಣಿಸುವುದು.
ಮೂರನೆಯ ಸಲ ವಿನ್ನಿಗೆ ನಗು ತಡೆಯಲಾಗದೆ ಬಗ್ಗಿಬಿಟ್ಟಳು.
ಅದಕ್ಕೇ ನೋಡಿ, ಅವಳ ಚುಕ್ಕೆ ಹೀಗೆ ಉದ್ದ.'

ಆ ಉದ್ದ ಬಿಳಿ ಗೆರೆ.
ಪ್ರತಿ ವರ್ಷ ನಾನು ಕೋಲು ಇಟ್ಟು ತೋರಿಸುವ ಗೆರೆ.
ಶ್ರಮದ ಲಯ, ಅಂತ ಹೇಳಿಕೊಟ್ಟಿದ್ದೇನೆ.
ಪರೀಕ್ಷೆಯಲ್ಲಿ ಹಾಗೆ ಬರೆದವರಿಗೆ
ಎರಡು ಅಂಕ ಹೆಚ್ಚೇ ಕೊಟ್ಟಿದ್ದೇನೆ.

ಪ್ರೊಜೆಕ್ಟರಿನ ಫ್ಯಾನು ತಿರುಗುತ್ತಿತ್ತು.
ಪುಟವನ್ನು ದೊಡ್ಡದು ಮಾಡಿದೆ, ಇನ್ನೂ ದೊಡ್ಡದು,
ಅಚ್ಚಿನ ಚುಕ್ಕಿಗಳು ಹರಳು ಹರಳಾಗಿ ಒಡೆಯುವವರೆಗೆ.
ಅವಳ ಸೊಂಟದ ಹತ್ತಿರ ಹಳದಿ ಒಂದಿಷ್ಟು ಬಿಗಿದಿತ್ತು,
ಅಥವಾ ಈಗ ಹಾಗೆ ಕಂಡಿತು.

'ಕ್ಲಿಪ್ಪು ಮರದ್ದೇ, ಪ್ಲಾಸ್ಟಿಕ್ಕಿನದೇ?'
ಕೀರನ್ ಕೇಳಿದ, ನಿಜವಾಗಿಯೂ ತಿಳಿಯಬೇಕಿತ್ತು ಅವನಿಗೆ,
ಶನಿವಾರ ಒಂದು ಮದುವೆಯಿತ್ತು.

'ಮರದ್ದು. ಆರು ಅವರದೇ.
ಒಂದು ನಮ್ಮದು, ಪೆಟ್ಟಿಗೆಯ ಚೀಟಿ ಹಾರದಿರಲಿ ಅಂತ ಇಟ್ಟದ್ದು.
ಒಂದೇ ನಿಮಿಷ ಅಂತ ಇಸಿದುಕೊಂಡು ಹೋದರು.
ವಾಪಸ್ ಕೊಡಲಿಲ್ಲ.'